ಕ್ಯೂಬಾದ ತಾಳಕ್ಕೆ ತೀರ್ಥಹಳ್ಳಿಯ ವಂದನಾರ್ಪಣೆ

ಮದ್ದಳೆ ಹಿಡಿದವನು ಪೇಚಿಗೆ ಸಿಕ್ಕಿಕೊಳ್ಳಲು ಎಲ್ಲಿಗೂ ಹೋಗಬೇಕಾಗಿಲ್ಲ, ಪೇಚೇ ವಿಳಾಸ ಕೇಳಿಕೊಂಡು ಅವನ ಮನೆಗೆ ಬರುತ್ತದೆ. ಸಾಗರದ ನನ್ನ ಮನೆಗೆ ಅದು ಬಂದದ್ದು ಕ್ಯೂಬಾದಿಂದ.

ಹೊಸನಗರದ ಒಬ್ಬ ಎಲೆಕ್ಟ್ರಿಷಿಯನ್ ಪ್ರವಾಸಿಗಳ ಹಡಗಿನಲ್ಲಿ ಕೆಲಸಕ್ಕಿದ್ದ. ಅದೇ ಹಡಗಿನಲ್ಲಿ ಪಿಯಾನೊ ನುಡಿಸುತ್ತಿದ್ದ ಕ್ಯೂಬಾದ ಹೆಂಗಸನ್ನು ಮದುವೆಯಾಗಿ ಊರಿಗೆ ಕರಕೊಂಡು ಬಂದ. ಆಕೆ ಈಗ ಹೊಸನಗರದ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಕನ್ನಡ ಕಲಿತಿದ್ದಾರೆ. ನಾವೆಲ್ಲ ಮೇಡಂ ಅಂತೀವಿ. ಮೇಡಂಗೆ ಇಲ್ಲೇ ಒಂದು ಲ್ಯಾಟಿನ್ ಜಾಝ್ ತಂಡ ಕಟ್ಟುವ ಹುಚ್ಚು ಹತ್ತಿತು. ಅವರ ಕಡೆಯ ಕುಣಿತದ ತಾಳ, ಅಮೆರಿಕದ ಜಾಝ್ ಎರಡೂ ಸೇರಿದ ಸಂಗೀತ ಅದು. ಆಫ್ರಿಕದವರು, ಸ್ಪೇನಿನವರು, ಯಾರ್ಯಾರೋ ಅದಕ್ಕೆ ಕೈಹಾಕಿದ್ದಾರಂತೆ. ಹಾಗಿದ್ದ ಮೇಲೆ ಸಾಗರ, ತೀರ್ಥಹಳ್ಳಿಯವರು ಹಾಕಿದರೆ ತಪ್ಪೇನು ಅನ್ನುವುದು ಅವರ ವಾದ.

ಪಿಯಾನೊಗೆ ಮೇಡಂ. ಟ್ರಂಪೆಟ್ಟಿಗೆ ನಮ್ಮ ಸಾಗರದ ಮದುವೆ ಬ್ಯಾಂಡ್‌ಸೆಟ್ಟಿನವನು. ಬೇಸ್ ಗಿಟಾರಿಗೆ ತೀರ್ಥಹಳ್ಳಿಯಲ್ಲಿ ಚರ್ಚಿನ ಹಾಡಿಗೆ ನುಡಿಸುವ ಒಬ್ಬರು. ಮದ್ದಳೆಗೆ ನಾನು. ನಾನು ಯಕ್ಷಗಾನ ಮೇಳದಲ್ಲಿ ಅರ್ಧ ಆಯುಷ್ಯ ಕಳೆದವನು. ಮಂಡಿ ಕೈಕೊಟ್ಟಿತು, ಚಕ್ಕಳಮಕ್ಕಳ ಹಾಕಿ ಕೂರಬೇಡಿ ಅಂತ ಡಾಕ್ಟರು ಅಂದರು, ಮೇಳ ಬಿಟ್ಟೆ. ಮನೆಯಲ್ಲಿ ಊಟದ ತಟ್ಟೆ ಬಾರಿಸುತ್ತ ಕೂತಿದ್ದೆ. ಹೆಂಡತಿ ನನಗೆ ಬಾಳೆಲೆ ಹಾಕಲು ಶುರುಮಾಡಿದ್ದಳು. ಅಂಥ ಹೊತ್ತಿಗೆ ಕುರ್ಚಿ ಮೇಲೆ ಕೂತು ಬಾರಿಸಬಹುದು ಅಂತ ಕರೆ ಬಂದರೆ ಬಿಡುತ್ತೀನಾ?

ಆದರೆ ಮೇಡಂ ಮೊದಲ ದಿನವೇ ಮುಖಕ್ಕೆ ಹೇಳಿದರು. ಮುಂದೆ ಬೆಂಗಳೂರಿನಲ್ಲಿ ದೊಡ್ಡ ಕಾರ್ಯಕ್ರಮ ಇದೆ. ಗೋವಾದಲ್ಲಿ ಒಬ್ಬ ಕಾಂಗಾ ಡ್ರಮ್ ಬಾರಿಸುವವನಿದ್ದಾನೆ, ಈ ಸಂಗೀತ ಅರೆದು ಕುಡಿದವನು. ಅದಕ್ಕೆ ಮೊದಲು ತೀರ್ಥಹಳ್ಳಿಯಲ್ಲೊಂದು ಕಾರ್ಯಕ್ರಮ ಒಪ್ಪಿಕೊಂಡಿದ್ದೀನಿ, ಅಲ್ಲಿಯವರೆಗೆ ನೀವು ನೋಡಿ. ಹೊಂದಿದರೆ ನೀವು, ಇಲ್ಲದಿದ್ದರೆ ಅವನು. ಆ ಕುರ್ಚಿ ನನಗೆ ಬೇಕಿತ್ತು. ಅದು ಹೋದರೆ ಮತ್ತೆ ಬಾಳೆಲೆಯೇ ಗತಿ.

೧. ಕಾಲಿಂಗ್ ಬೆಲ್

ಮೊದಲ ಅಭ್ಯಾಸ ಹೊಸನಗರದಲ್ಲಿ, ಮೇಡಂ ಮನೆಯ ಕಾರ್ ಶೆಡ್ಡಿನಲ್ಲಿ. ಅವರು ಎರಡು ಮರದ ತುಂಡು ತೆಗೆದು ಕುಟ್ಟಿ ತೋರಿಸಿದರು. ಮೂರು ಏಟು, ಆಮೇಲೆ ಎರಡು ಏಟು. ಇದಕ್ಕೆ ಕ್ಲಾವೆ ಅಂತಾರೆ, ಎಲ್ಲರೂ ಇದರ ಮೇಲೆ ಕೂರಬೇಕು ಅಂದರು. ಇಷ್ಟೇನಾ ಅಂತ ನಾನು ಮೀಸೆ ತಿರುವಿದೆ.

ಶುರುವಾದ ಮೇಲೆ ಗೊತ್ತಾಯಿತು ಕಷ್ಟ. ನಮ್ಮಲ್ಲಿ ಯಾವ ತಾಳವೇ ಇರಲಿ, ಎಲ್ಲೆಲ್ಲಿ ಅಲೆದರೂ ತಿರುಗಿ ಮೊದಲ ಪೆಟ್ಟಿಗೆ ಬಂದು ಬೀಳಬೇಕು. ಅಲ್ಲಿ ಬಿದ್ದರೆ ತಾನೇ ಜೀವಕ್ಕೆ ನೆಮ್ಮದಿ. ಇವರಲ್ಲಿ ಮೊದಲ ಪೆಟ್ಟಿನ ಜಾಗದಲ್ಲಿ ಯಾರೂ ಇರುವುದಿಲ್ಲ. ಬೇಸಿನವರು ಅದಕ್ಕೆ ಮುಂಚೆಯೇ ಬಂದುಹೋಗುತ್ತಾರೆ, ಪಿಯಾನೊ ಆಮೇಲೆ ಬರುತ್ತದೆ. ಮಧ್ಯದಲ್ಲಿ ಖಾಲಿ. ಆ ಖಾಲಿ ಕಂಡರೆ ನನಗೆ ತಡೆಯಲಿಕ್ಕೆ ಆಗುವುದಿಲ್ಲ. ಪ್ರತಿ ಸಲ ಅಲ್ಲೇ ಧೀಂ ಅಂತ ಬಾರಿಸುತ್ತಿದ್ದೆ, ಬಾರಿಸಿ ಎಲ್ಲರ ಮುಖ ನೋಡುತ್ತಿದ್ದೆ. ಒಬ್ಬರೂ ತಲೆದೂಗಲಿಲ್ಲ.

ಸ್ವಲ್ಪ ಹೊತ್ತು ಸಹಿಸಿಕೊಂಡ ಮೇಡಂ ಪಿಯಾನೊ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ನಾವೆಲ್ಲ ಮನೆ ಒಳಗೇ ಇದೀವಿ ಮಾರಾಯ್ರೆ. ನೀವು ಎಂತಕ್ಕೆ ಹೊತ್ತುಹೊತ್ತಿಗೆ ಕಾಲಿಂಗ್ ಬೆಲ್ ಒತ್ತೋದು?"

೨. ಮೆರವಣಿಗೆ

ನಾನೊಬ್ಬನೇ ದಡ್ಡ ಅಂತ ತಿಳಿಯಬೇಡಿ. ಟ್ರಂಪೆಟ್ಟಿನವನದು ಇನ್ನೊಂದು ರಗಳೆ. ಅವನು ಕಂಡದ್ದೆಲ್ಲ ದಿಬ್ಬಣ. ಊದುವುದು ಅಂದರೆ ನಡೆಯುವುದು. ನಿಂತು ಊದಿದರೆ ಉಸಿರೇ ಮೇಲೆ ಬರುವುದಿಲ್ಲ ಅಂತಿದ್ದ. ಕಾರ್ ಶೆಡ್ಡಿನಲ್ಲಿ ಅವನು ಸುತ್ತು ಹೊಡೆಯುತ್ತಿದ್ದದ್ದು ನಮಗೇನೂ ತೊಂದರೆ ಅನ್ನಿಸಿರಲಿಲ್ಲ.

ತೀರ್ಥಹಳ್ಳಿಗಿಂತ ಮೊದಲು ಜನರ ಮುಂದೆ ಒಮ್ಮೆ ಬಾರಿಸಿ ನೋಡೋಣ ಅಂತ ಮಾಸ್ತಿಕಟ್ಟೆಯಲ್ಲಿ ಪರಿಚಯದವರ ಮಗುವಿನ ಹುಟ್ಟುಹಬ್ಬಕ್ಕೆ ಒಪ್ಪಿಕೊಂಡೆವು. ಚಿಕ್ಕ ಹಾಲ್, ವೇದಿಕೆ ಅಂತೇನೂ ಇಲ್ಲ. ಎರಡನೇ ಹಾಡಿನಲ್ಲಿ ಟ್ರಂಪೆಟ್ಟಿನವನ ಸರದಿ ಬಂತು, ಅವನೊಬ್ಬನೇ ಊದಬೇಕು, ನಾವು ಹಿಂದಿನಿಂದ ಸಣ್ಣಗೆ ಹಿಡಿದುಕೊಂಡಿರಬೇಕು. ಕಣ್ಣು ಮುಚ್ಚಿ ಶುರುಮಾಡಿದ. ಚೆನ್ನಾಗಿಯೇ ಊದಿದ, ಸುಳ್ಳು ಹೇಳಬಾರದು. ಊದುತ್ತ ಊದುತ್ತ ಬಾಗಿಲಿಗೆ ಹೋದ, ಮೆಟ್ಟಿಲಿಳಿದ, ರಸ್ತೆಗೆ ಬಿದ್ದ.

ಊದುವವನು ಮುಂದೆ ಹೋದರೆ ಹಿಂದೆ ಹೋಗಬೇಕು ಅನ್ನುವುದು ನಮ್ಮ ಜನಕ್ಕೆ ಹುಟ್ಟಿನಿಂದ ಬಂದದ್ದು. ಮಕ್ಕಳು ಎದ್ದರು, ಅವರ ಹಿಂದೆ ಅಮ್ಮಂದಿರು, ಆಮೇಲೆ ಕೇಕ್ ಕತ್ತರಿಸಬೇಕಾಗಿದ್ದ ಮಗುವನ್ನು ಎತ್ತಿಕೊಂಡು ಅದರ ಅಪ್ಪ. ಹಾಲ್‌ನಲ್ಲಿ ಉಳಿದದ್ದು ನಾವು ಮೂರು ಜನ ಮತ್ತು ಕೇಕು. ಮೇಡಂ ಹಲ್ಲು ಕಚ್ಚಿಕೊಂಡು ನುಡಿಸುತ್ತಲೇ ಇದ್ದರು. ಟ್ರಂಪೆಟ್ಟಿನ ಸದ್ದು ಹುಲಿಕಲ್ ಕಡೆಯ ತಿರುವಿನಲ್ಲಿ ಸಣ್ಣಗಾಗುತ್ತ ಹೋಯಿತು.

ಬಹಳ ಹೊತ್ತಿನ ಮೇಲೆ ಬೆವರು ಒರೆಸಿಕೊಳ್ಳುತ್ತ ಬಂದ. ಮೇಡಂ ಬಾಯಿ ತೆರೆಯುವ ಮೊದಲೇ ಅವನೇ ನಮ್ಮ ಮೇಲೆ ರೇಗಿದ.

"ಎಂತ ಜನ ಮಾರಾಯ್ರೆ ನೀವು. ಹಿಂದೆ ತಿರುಗಿ ನೋಡಿದ್ರೆ ಒಬ್ರೂ ಇಲ್ಲ."

೩. ಮುಗಿಯದ ಜಗಳ

ಮಾಸ್ತಿಕಟ್ಟೆಯ ಕಥೆ ಕೇಳಿ ಗೋವಾದವನೇ ಒಂದು ದಿನ ಅಭ್ಯಾಸ ನೋಡಲು ಬಂದ. ಕೆಟ್ಟದಾಗಿ ಬಾರಿಸಲಿ ದೇವರೇ ಅಂತ ಮನಸ್ಸಿನಲ್ಲೇ ಹರಕೆ ಹೊತ್ತೆ. ದೇವರು ಆ ಕಡೆ ಕಿವಿಯನ್ನೇ ಕೊಡಲಿಲ್ಲ. ಅವನು ಕೂತು ಎರಡು ಕೈ ಆಡಿಸಿದ್ದೇ ತಡ, ಇಡೀ ಹಾಡು ಎಣ್ಣೆ ಬಿಟ್ಟ ಚಕ್ರದ ಹಾಗೆ ಉರುಳಿತು. ಸಾಲದ್ದಕ್ಕೆ ಮನುಷ್ಯ ಒಳ್ಳೆಯವನು ಬೇರೆ. ನನ್ನ ಮದ್ದಳೆ ಮುಟ್ಟಿ ನೋಡಿದ, ಚರ್ಮದ ಮೇಲೆ ಈ ಕಪ್ಪು ಕರಣೆ ಹಾಕುವುದು ಹೇಗೆ ಅಂತ ಕೇಳಿದ, ಈಗ ನೀವು ಬಾರಿಸಿ, ನಾನು ಕೇಳುತ್ತೀನಿ ಅಂದ. ಸಿಟ್ಟು ಮಾಡಿಕೊಳ್ಳಲು ಒಂದು ಕಾರಣವನ್ನಾದರೂ ಕೊಡಬೇಡವೇ ಪುಣ್ಯಾತ್ಮ?

ಇವನಿಗೆ ತೋರಿಸಿಯೇ ಬಿಡೋಣ ಅಂತ ಮೈಮೇಲೆ ಬಂದವನ ಹಾಗೆ ಬಾರಿಸಿದೆ. ಆ ಜೋರಿನಲ್ಲಿ ಹಳೆ ಅಭ್ಯಾಸ ಕೈಗೆ ಹತ್ತಿತು. ಮೇಳದಲ್ಲಿ ಪದ್ಯ ಮುಗಿಯುವಾಗ ಒಂದೇ ನುಡಿಯನ್ನು ಮೂರು ಸಲ ಬಾರಿಸಿ ಮುಕ್ತಾಯ ಹಾಕುತ್ತೇವೆ. ಅದನ್ನೇ ಹಾಕಿದೆ. ನಮ್ಮ ಟ್ರಂಪೆಟ್ಟಿನವನು ಯಕ್ಷಗಾನದ ಆಟ ನೋಡುತ್ತ ಬೆಳೆದವನು. ಮುಕ್ತಾಯ ಕಿವಿಗೆ ಬಿದ್ದದ್ದೇ ಪ್ರಸಂಗ ಮುಗಿಯಿತು ಅಂತ ಟ್ರಂಪೆಟ್ಟು ಕೆಳಗಿಟ್ಟು ಚಹಾ ಹುಡುಕಿಕೊಂಡು ಎದ್ದುಹೋದ. ಹಾಡಿನ್ನೂ ಅರ್ಧಕ್ಕೂ ಬಂದಿರಲಿಲ್ಲ.

ಮೇಡಂ ತಲೆಯ ಮೇಲೆ ಕೈ ಹೊತ್ತರು. ಇನ್ನು ಮುಂದೆ ಮುಕ್ತಾಯ ಹಾಕಕೂಡದು, ಮಧ್ಯದಲ್ಲೇ ಬಿಟ್ಟು ಕೊಡಿ, ಇನ್ನೊಬ್ಬರು ಅಲ್ಲಿಂದ ಎತ್ತಿಕೊಳ್ಳುತ್ತಾರೆ ಅಂತ ಕಟ್ಟಪ್ಪಣೆ ಮಾಡಿದರು. ಮಧ್ಯದಲ್ಲೇ ಬಿಡುವುದು ಅಂದರೆ ನನಗೆ ಅರ್ಧ ಸೀನು ಬಂದು ನಿಂತ ಸಂಕಟ. ಆದರೂ ಕುರ್ಚಿಯ ಆಸೆ. ಮನೆಯಲ್ಲೂ ಅದನ್ನೇ ರೂಢಿ ಮಾಡಿಕೊಂಡೆ. ಊಟ ಅರ್ಧಕ್ಕೆ, ಪೇಪರು ಅರ್ಧಕ್ಕೆ, ಮಾತು ಅರ್ಧಕ್ಕೆ.

ಹೆಂಡತಿ ಒಂದು ವಾರ ನೋಡಿದಳು. ಗ್ಯಾಸ್ ಸಿಲಿಂಡರಿನ ವಿಷಯಕ್ಕೆ ಜೋರು ಜಗಳ ನಡೆಯುತ್ತಿದ್ದಾಗ ನಾನು ಅಲ್ಲಿಗೇ ಬಿಟ್ಟು ಎದ್ದೆ. ಅಂಗಿ ಹಿಡಿದು ಕೂರಿಸಿದಳು.

"ಜಾಝ್ ಎಲ್ಲ ಹೊಸನಗರದಲ್ಲಿ ಇಟ್ಕೊಳಿ. ಜಗಳ ಮುಗಿಸಿ ಹೋಗಿ."

೪. ವಂದನಾರ್ಪಣೆ

ತೀರ್ಥಹಳ್ಳಿಯ ದಿನ ಬಂತು. ಒಂದು ಸಂಘದ ವಾರ್ಷಿಕೋತ್ಸವ, ಸಂಜೆಯ ಹೊತ್ತು, ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಗೋವಾದವನು ಕೂತಿದ್ದ. ಮೇಡಂ ಅವನನ್ನು ಕರೆಸಿದ್ದು ಯಾಕೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೊನೆಯ ಹಾಡಿನ ನಡುವೆ ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕು. ನಾಲ್ಕು ಎಣಿಕೆ ನಿಶ್ಶಬ್ದ. ಅದಾದ ಮೇಲೆ ಮದ್ದಳೆ ಒಂದೇ. ನನ್ನ ಹಣೆಬರಹವೆಲ್ಲ ಆ ಜಾಗದಲ್ಲಿತ್ತು. ಅಲ್ಲಿಯವರೆಗೆ ಹೇಗೋ ಯಾರ ಕಣ್ಣಿಗೂ ಬೀಳದ ಹಾಗೆ ದಾಟಿಸಿದೆ. ನಿಂತೆವು. ಒಂದು, ಎರಡು ಅಂತ ಎಣಿಸುತ್ತ ಕೈ ಎತ್ತಿದೆ.

ಹಾಲ್‌ನಲ್ಲಿ ಚಪ್ಪಾಳೆ ಬಿತ್ತು. ಹಾಡು ಮುಗಿಯಿತು ಅಂತ ಜನ ತಿಳಿದರು. ವೇದಿಕೆಯ ಪಕ್ಕದಲ್ಲಿ ಕಾಯುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಲಗುಬಗೆಯಿಂದ ಬಂದು ಮೈಕ್ ಹಿಡಿದರು. ವಂದನಾರ್ಪಣೆ ಅವರದು. ಅಡುಗೆಯವರು ಊಟ ಆರುತ್ತದೆ ಅಂತ ಎರಡು ಸಲ ಹೇಳಿ ಕಳಿಸಿದ್ದರಂತೆ.

"ಇಂಥ ಸುಂದರವಾದ ಕಾರ್ಯಕ್ರಮಕ್ಕೆ ಕಾರಣರಾದ ಎಲ್ಲರಿಗೂ" ಅಂತ ಶುರುಮಾಡಿಯೇಬಿಟ್ಟರು.

ನನ್ನ ಕೈ ಗಾಳಿಯಲ್ಲೇ ಇತ್ತು. ಹೋಯಿತು, ಕುರ್ಚಿ ಹೋಯಿತು ಅಂತ ಕಣ್ಣಲ್ಲಿ ನೀರೇ ಬಂತು. ಅದೇನಾಯಿತೋ, ಅವರು "ಧನ್ಯವಾದಗಳು" ಅಂತ ಉಸಿರು ಎಳೆದುಕೊಂಡ ಸಂದಿನಲ್ಲಿ ಕೈ ತಾನಾಗಿ ಇಳಿಯಿತು. ಮೇಳದಲ್ಲಿ ವೇಷಧಾರಿಯ ಮಾತಿಗೆ ಬಾರಿಸಿ ಬಾರಿಸಿ ಪಳಗಿದ ಕೈ ಅದು. ಮೇಷ್ಟ್ರು ಬೆಚ್ಚಿ ನನ್ನನ್ನು ನೋಡಿದರು. ಶಾಮಿಯಾನದವರಿಗೆ ಅಂದರು, ಬಾರಿಸಿದೆ. ಸೌಂಡಿನವರಿಗೆ ಅಂದರು, ಬಾರಿಸಿದೆ. ಬೇಸಿನವರು ಮೆಲ್ಲಗೆ ಹಿಡಿದರು, ಮೇಡಂ ಪಿಯಾನೊ ಸೇರಿಸಿದರು, ಟ್ರಂಪೆಟ್ಟು ಬಂತು. ಜನ ಊಟಕ್ಕೆ ಎದ್ದವರು ಕೂತರು. ಮೇಷ್ಟ್ರು ಧನ್ಯವಾದಗಳು ಅಂದಾಗೆಲ್ಲ ಇಡೀ ಹಾಲ್ ಜೊತೆಗೆ ಧನ್ಯವಾದಗಳು ಅನ್ನತೊಡಗಿತು. ಮೇಷ್ಟ್ರ ಮುಖ ಅರಳಿತು, ದನಿ ಏರಿತು. ಕಾರ್ಯಕ್ರಮಕ್ಕೆ ಬಾರದೆ ಮನೆಯಲ್ಲಿ ಉಳಿದು ಜಾಗ ಮಾಡಿಕೊಟ್ಟವರಿಗೂ ವಂದಿಸಿದರು.

ಆಮೇಲೆ ಕಲಾವಿದರ ಸರದಿ. ಟ್ರಂಪೆಟ್ಟಿನವನ ಹೆಸರು ಹೇಳಿದರು. ವಂದನೆ ಹೇಳಿದ ಮೇಲೆ ಕೈ ಮುಗಿಯದಿದ್ದರೆ ಹೇಗೆ? ಟ್ರಂಪೆಟ್ಟು ಕಂಕುಳಿಗೆ ಸೇರಿಸಿ ಕೈ ಮುಗಿದ. ತಕ್ಷಣ ಸಂಘದವರು ಬಂದು ಶಾಲು ಹೊದೆಸಿ ಹಣ್ಣಿನ ಬುಟ್ಟಿ ಕೊಟ್ಟರು. ಎರಡೂ ಕೈ ತುಂಬಿದ ಮೇಲೆ ಊದುವುದೆಲ್ಲಿಂದ, ಟ್ರಂಪೆಟ್ಟು ನಿಂತಿತು. ಬೇಸಿನವರಿಗೆ ವಂದಿಸಿದರು, ಅವರೂ ಕೈ ಮುಗಿದರು, ಬುಟ್ಟಿ ಬಂತು, ಬೇಸು ನಿಂತಿತು. ಹೊಸನಗರದ ಸೊಸೆಗೆ ಅಂದರು. ಮೇಡಂ ನಮ್ಮ ಪದ್ಧತಿಯೆಲ್ಲ ಕಲಿತವರು, ಎದ್ದು ನಿಂತು ಕೈ ಮುಗಿದರು. ಪಿಯಾನೊ ನಿಂತಿತು. ಮುಂದಿನ ಸಾಲಿನ ಗೋವಾದವನಿಗೂ ಒಂದು ಬುಟ್ಟಿ ಸಿಕ್ಕಿತು.

ಉಳಿದದ್ದು ನಾನು. ಈಗ ನನ್ನ ಹೆಸರು ಬರುತ್ತದೆ, ಈಗ ಬರುತ್ತದೆ ಅಂತ ಕಾಯುತ್ತ ಬಾರಿಸಿದೆ. ಬರಲೇ ಇಲ್ಲ. ಅಡುಗೆಯವರಿಗೆ ಬಂತು, ನೀರು ಬಡಿಸುವವರಿಗೆ ಬಂತು, ನನಗಿಲ್ಲ. ಆ ಸಿಟ್ಟೆಲ್ಲ ಮದ್ದಳೆಗೆ ಇಳಿಸಿದೆ. ಮೇಷ್ಟ್ರ ಮಾತು, ನನ್ನ ಮದ್ದಳೆ, ಜನರ ಕೂಗು, ಬೇರೆ ಏನೂ ಇಲ್ಲ. ಕೊನೆಗೆ ಅವರು ಊಟಕ್ಕೆ ಏಳಬೇಕಾಗಿ ವಿನಂತಿ ಅಂದಾಗ ಜನ ಏಳದೆ ಇನ್ನೊಮ್ಮೆ ಅಂತ ಕೂಗಿದರು.

ನಾನು ಮದ್ದಳೆ ಚೀಲಕ್ಕೆ ತುಂಬುತ್ತಿದ್ದೆ. ಬೈಗುಳ ತಿನ್ನಲು ತಯಾರಾಗಿದ್ದೆ. ಮೇಡಂ ಬುಟ್ಟಿ ಹಿಡಿದುಕೊಂಡೇ ಬಂದರು.

"ಇಷ್ಟು ದಿನ ಎಣಿಸ್ತಾ ಬಾರಿಸ್ತಿದ್ರಿ. ಇವತ್ತು ಕೇಳ್ತಾ ಬಾರಿಸಿದ್ರಿ. ಬೆಂಗಳೂರಿಗೆ ನೀವೇ ಬರ್ತೀರಿ."

ನನ್ನನ್ನೇ ಕರೆದೊಯ್ಯಿರಿ ಅಂತ ಅವರಿಗೆ ಮೊದಲು ಹೇಳಿದವನು ಗೋವಾದವನೇ ಅಂತ ಆಮೇಲೆ ತಿಳಿಯಿತು. ನಾನು ಅಲ್ಲೇ ಕುರ್ಚಿ ಮೇಲೆ ಕುಸಿದು ಕೂತೆ. ಅತ್ತುಬಿಟ್ಟೆ ಅಂತ ಹೇಳಲು ನಾಚಿಕೆಯೇನಿಲ್ಲ.

ಬೆಂಗಳೂರಿಗೆ ಮೇಷ್ಟ್ರನ್ನೂ ಕರೆದೊಯ್ಯುವುದು ಅಂತ ಮೇಡಂ ಹಟ ಹಿಡಿದರು, ಅಂಥ ಹಾಡುಗಾರ ಕ್ಯೂಬಾದಲ್ಲೂ ಸಿಗುವುದಿಲ್ಲವಂತೆ. ವ್ಯಾನಿನಲ್ಲಿ ಅವರು ನನ್ನ ಪಕ್ಕದಲ್ಲೇ ಕೂತಿದ್ದರು. ಮನಸ್ಸಿನಲ್ಲಿ ಚುಚ್ಚುತ್ತಿದ್ದದ್ದನ್ನು ಕೇಳಿಯೇಬಿಟ್ಟೆ. ಮೇಷ್ಟ್ರೇ, ನೀರು ಬಡಿಸುವವರನ್ನೂ ಬಿಡದೆ ನೆನೆದಿರಿ, ನಾನೊಬ್ಬ ಹೇಗೆ ಮರೆತುಹೋದೆ ಅಂತ.

"ಮರೆಯೋದುಂಟೇ?" ಅಂದರು ಮೇಷ್ಟ್ರು. "ನಿಮ್ಮ ಹೆಸರು ಹೇಳಿದ್ರೆ ನೀವೂ ಕೈ ಮುಗೀತಿದ್ರಿ. ಆಮೇಲೆ ನನಗೆ ಬಾರಿಸೋರು ಯಾರು?"