ದಿಟ್ಟೆ ಮತ್ತು ಅವಳ ತರಬೇತುದಾರ

ಎಲ್ಲಕ್ಕೂ ಕಾರಣ ಟ್ರೋಯೆಲ್ಸನ ಕೆಳದವಡೆಯ ಒಂದು ಹಲ್ಲು. ನೋಯುವುದಕ್ಕೆ ಅದಕ್ಕೆ ಬೇರೆ ದಿನ ಸಿಗಲಿಲ್ಲ. ದಿಟ್ಟೆಯನ್ನು ಬಂದರಿನ ಹೋಟೆಲಿಗೆ ಕೆಲಸದ ಪರೀಕ್ಷೆಗೆಂದು ಕರೆದೊಯ್ಯಬೇಕಾದ ಬೆಳಿಗ್ಗೆಯೇ ಕೈಕೊಟ್ಟಿತು. ದಂತವೈದ್ಯೆ ಬಲು ಧಾರಾಳಿ. ಮರಗಟ್ಟಿಸುವ ಮದ್ದನ್ನು ಚುಚ್ಚುವುದರಲ್ಲಿ ಒಂದಿಷ್ಟೂ ಜಿಪುಣತನ ತೋರಲಿಲ್ಲ. ಹಲ್ಲು ಕೀಳಿಸಿಕೊಂಡು ಹೊರಬಂದ ಟ್ರೋಯೆಲ್ಸನ ಕೆಳದುಟಿ, ಹಿಂಡದೆ ಒಣಹಾಕಿದ ಕಾಲುಚೀಲದ ಹಾಗೆ ಜೋತುಬಿದ್ದಿತ್ತು.

ಟ್ರೋಯೆಲ್ಸ್ ಸ್ವೆಂಡ್‌ಬೋರ್ಗ್ ಎಂಬ ಬಂದರು ಊರಿನ ಶಾಲೆಯೊಂದರಲ್ಲಿ ಉದ್ಯೋಗ ತರಬೇತುದಾರ. ಅಂಗವೈಕಲ್ಯವೋ ಕಲಿಕೆಯ ತೊಂದರೆಯೋ ಇರುವ ಹುಡುಗ ಹುಡುಗಿಯರಿಗೆ ಕೆಲಸ ಕಲಿಸಿ, ಊರಿನ ಅಂಗಡಿ ಅಡುಗೆಮನೆಗಳಲ್ಲಿ ನೆಲೆಗೊಳಿಸುವುದು ಅವನ ಕಸುಬು. ದಿಟ್ಟೆಗೆ ಇಪ್ಪತ್ತೆರಡು ವರ್ಷ. ಅಕ್ಷರಗಳು ಅವಳ ಕಣ್ಣೆದುರು ಕುಣಿದಾಡುತ್ತಿದ್ದವು, ಹೊಸ ಕೆಲಸ ಕೈಗೆ ಹತ್ತಲು ಸಮಯ ಹಿಡಿಯುತ್ತಿತ್ತು. ನಾಲಿಗೆ ಮಾತ್ರ ಯಾರಿಗಾಗಿಯೂ ಕಾಯುತ್ತಿರಲಿಲ್ಲ. ಬೇಕರಿಯವರೂ ಹೂವಿನಂಗಡಿಯವರೂ ಅವಳನ್ನು ನಯವಾಗಿ ವಾಪಸು ಕಳಿಸಿದ್ದರು.

"ಈ ವರ್ಷ ಒಬ್ಬರನ್ನೂ ಎಲ್ಲೂ ಸೇರಿಸಿಲ್ಲ ನೀನು," ಎಂದು ಪ್ರಾಂಶುಪಾಲೆ ಗುಡ್ರುನ್ ಹಿಂದಿನ ದಿನವಷ್ಟೇ ಗುಡುಗಿದ್ದಳು. "ಹೀಗೇ ಆದ್ರೆ ನಗರಸಭೆಯೋರು ಶಾಲೆ ಬಾಗಿಲು ಹಾಕಿಸ್ತಾರೆ ನೋಡು."

ಬಸ್ ನಿಲ್ದಾಣದಲ್ಲಿ ದಿಟ್ಟೆ, ಅಜ್ಜಿ ಕೊಡಿಸಿದ ಚಿನ್ನದ ಬಣ್ಣದ ಗುಂಡಿಗಳ ನೀಲಿ ಕೋಟು ತೊಟ್ಟು, ಹಡಗಿನ ಕಪ್ತಾನಳಂತೆ ನಿಂತಿದ್ದಳು.

"ಬಾಯಿಗೇನಾಯ್ತು ನಿಮಗೆ?"

"ಅಲ್ಲು ಕಿತ್ತು," ಎಂದ ಟ್ರೋಯೆಲ್ಸ್.

"ಹಾಗಾದ್ರೆ ಇವತ್ತು ನೀವು ಮಾತಾಡೋಕಾಗಲ್ವಾ?" ದಿಟ್ಟೆಯ ಮುಖ ಅರಳಿದ ಪರಿ ಟ್ರೋಯೆಲ್ಸನಿಗೆ ಯಾಕೋ ಹಿಡಿಸಲಿಲ್ಲ.

ಹೋಟೆಲಿಗೆ ಕಾಲಿಟ್ಟದ್ದೇ ಟ್ರೋಯೆಲ್ಸ್ ಗಲ್ಲಕ್ಕಿಳಿದ ಜೊಲ್ಲನ್ನು ಒರೆಸಿಕೊಳ್ಳಲು ಬಚ್ಚಲಿಗೆ ಓಡಿದ. ಮರಳಿ ಬಂದಾಗ ಮ್ಯಾನೇಜರ್ ಫ್ಲೆಮ್ಮಿಂಗ್ ದಿಟ್ಟೆಯ ಕೈ ಕುಲುಕುತ್ತಿದ್ದ. ಪಕ್ಕದಲ್ಲಿ ಮುಖ್ಯ ಅಡುಗೆಯವಳು ಬಿರ್ಟೆ ಕರಗಿದ ಬೆಣ್ಣೆಯಂತಹ ಮುಖ ಮಾಡಿಕೊಂಡು ನಿಂತಿದ್ದಳು. ಫ್ಲೆಮ್ಮಿಂಗ್ ಟ್ರೋಯೆಲ್ಸನ ಕಡೆ ಬಾಗಿ, ಎದುರು ದ್ವೀಪದಲ್ಲಿರುವವನನ್ನು ಕೂಗಿ ಕರೆಯುವಂತೆ ಅರಚಿದ:

"ಟ್ರೋ-ಯೆಲ್ಸ್! ನಿನಗೆ ನಮ್ಮ ಹೋ-ಟೆ-ಲಿ-ಗೆ ಸ್ವಾ-ಗ-ತ!"

ಟ್ರೋಯೆಲ್ಸನಿಗೆ ದಿಗಿಲಾಯಿತು. "ಆಆನು ಅಅಬೇತುದಾಅ!"

"ಪಾಪ, ಹಸಿವಾಗಿದೆ ಅನ್ಸುತ್ತೆ," ಎಂದಳು ಬಿರ್ಟೆ.

"ಸಿಹಿ ಜಾಸ್ತಿ ಕೊಡಬೇಡಿ," ಎಂದಳು ದಿಟ್ಟೆ ಗಂಭೀರವಾಗಿ. "ಟ್ರೋಯೆಲ್ಸ್, ಹೋಗು, ಬಿರ್ಟೆ ಹೇಳಿದ ಹಾಗೆ ಕೇಳು. ಜಾಣ ನೀನು."

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ 'ನೀವು' ಆಗಿದ್ದವನು ಈಗ 'ನೀನು' ಆಗಿದ್ದ.

ಅಡುಗೆಮನೆಯಲ್ಲಿ ಅವನ ಮುಂದೆ ಒಂದು ಬುಟ್ಟಿ ಆಲೂಗಡ್ಡೆ ಬಂತು. ಸಿಟ್ಟಿನಲ್ಲಿ ಚಾಕು ಎಳೆದ ರಭಸಕ್ಕೆ ಮೊದಲ ಆಲೂಗಡ್ಡೆಯ ಜೊತೆಗೆ ಹೆಬ್ಬೆರಳಿನ ಸಿಪ್ಪೆಯೂ ಬಂತು. ಬಿರ್ಟೆ ಚೀರಿ ಚಾಕು ಕಿತ್ತುಕೊಂಡಳು, ಬೆರಳಿಗೆ ಪಟ್ಟಿ ಕಟ್ಟಿ ಅದರ ಮೇಲೊಂದು ನಗುಮುಖವನ್ನೂ ಬರೆದಳು. ಆಮೇಲೆ ಚಮಚ ಒರೆಸುವ ಕೆಲಸ. ಒಂದೊಂದು ಚಮಚ ಒರೆಸಿದಾಗಲೂ ಅಡುಗೆಮನೆಯೆಲ್ಲ ಚಪ್ಪಾಳೆ ತಟ್ಟಿತು.

ಬಾಯಿ ಕೈಕೊಟ್ಟರೇನು, ಕೈ ಇದೆಯಲ್ಲ! ಟ್ರೋಯೆಲ್ಸ್ ಒಂದು ಚೀಟಿ ಎಳೆದುಕೊಂಡು, 'ತರಬೇತುದಾರ ನಾನು, ಅವಳಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ಬಿರ್ಟೆಯ ಮೂಗಿನ ಕೆಳಗೆ ಹಿಡಿದ. ಬಿರ್ಟೆ ಓದಿದಳು. ಅವಳ ಕಣ್ಣು ತುಂಬಿ ಬಂತು.

"ಎಷ್ಟು ದುಂಡಗೆ ಬರೀತಾನೆ ನೋಡ್ರೋ! ಎಂಥ ದೊಡ್ಡ ಕನಸು ಇಟ್ಕೊಂಡಿದಾನೆ!" ಎಂದು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.

ದಿಟ್ಟೆ ಅಷ್ಟರಲ್ಲಿ ಊಟದ ಕೋಣೆಯನ್ನು ವಶಪಡಿಸಿಕೊಂಡಿದ್ದಳು. ಯಾವ ಮೇಜಿಗೆ ಯಾವ ತಟ್ಟೆ ಎಂಬುದು ಎರಡು ಸಲ ಅದಲು ಬದಲಾಯಿತು. ಆದರೆ ಅವಳು ಅತಿಥಿಗಳ ನಾಯಿ, ಮೊಮ್ಮಗ, ಮಂಡಿನೋವು ಎಲ್ಲ ವಿಚಾರಿಸುತ್ತಿದ್ದುದರಿಂದ, ಮೀನು ಕೇಳಿದವರು ಮಾಂಸದುಂಡೆಯನ್ನು ನಗುನಗುತ್ತಲೇ ತಿಂದರು. ಟ್ರೋಯೆಲ್ಸನಿಗೆ ಬಿರ್ಟೆಯೇ ಕೊರಳಿಗೆ ಬಟ್ಟೆ ಕಟ್ಟಿ, ರೊಟ್ಟಿಯನ್ನು ಪುಟ್ಟ ಪುಟ್ಟ ಚೂರು ಮಾಡಿ ಕೊಟ್ಟಳು. ಮರಗಟ್ಟಿದ ತುಟಿಯಿಂದ ಕಾಫಿ ಅಂಗಿಯ ಮೇಲೆ ಇಳಿಯಿತು.

ಇನ್ನು ಗುಡ್ರುನಳೇ ಗತಿಯೆಂದು ಟ್ರೋಯೆಲ್ಸ್ ಫೋನು ಕೈಯಲ್ಲಿ ಹಿಡಿದು ಹಿತ್ತಿಲ ಬಾಗಿಲಿನಿಂದ ಹೊರಗೆ ನುಸುಳಿದ. ಕೊರಳಲ್ಲಿ ಬಟ್ಟೆ ಹಾಗೇ ಹಾರಾಡುತ್ತಿತ್ತು.

"ಅಯ್ಯಯ್ಯೋ, ಓಡಿಹೋಗ್ತಿದಾನೆ! ನೀರಿಗೆ ಬೀಳ್ತಾನೆ, ಹಿಡೀರಿ!" ಎಂದು ಬಿರ್ಟೆ ಊರಿಗೇ ಕೇಳುವಂತೆ ಕೂಗಿದಳು.

ದೋಣಿಕಟ್ಟೆಯ ಮೇಲೆ ಬಲೆ ಬಿಡಿಸುತ್ತಿದ್ದ ಇಬ್ಬರು ಮೀನುಗಾರರು ಎದ್ದು ಬಂದರು. ಟ್ರೋಯೆಲ್ಸ್ ಒದ್ದಾಡಿದಷ್ಟೂ ಅವರ ಪ್ರೀತಿ ಹೆಚ್ಚಿತು. "ಹೆದರ್ಬೇಡ ಮರೀ, ನಾವಿದೀವಿ," ಎನ್ನುತ್ತ ಒಬ್ಬ ತೋಳು, ಇನ್ನೊಬ್ಬ ಕಾಲು ಹಿಡಿದು, ದೊಡ್ಡ ಮೀನು ಸಿಕ್ಕಿದ ಸಂಭ್ರಮದಲ್ಲಿ ಹೊತ್ತು ತಂದು ಅಡುಗೆಮನೆಯ ಕುರ್ಚಿಯ ಮೇಲೆ ಇಳಿಸಿದರು.

ಆ ಗಲಾಟೆಯಲ್ಲೇ ಟ್ರೋಯೆಲ್ಸನ ತುಟಿಗೆ ಜುಮುಜುಮು ಎಂದು ಜೀವ ಬಂತು. ಅವನು ಕುರ್ಚಿಯ ಮೇಲೆಯೇ ಎದ್ದು ನಿಂತ.

"ಕೇಳಿ ಎಲ್ಲರೂ! ನಾನು ತರಬೇತುದಾರ! ಕೆಲಸ ಕಲಿಯೋಕೆ ಬಂದಿರೋದು ದಿಟ್ಟೆ!"

ಒಂದಕ್ಷರವೂ ಜಾರಲಿಲ್ಲ. ಬಿರ್ಟೆ ನಿಧಾನವಾಗಿ ದಿಟ್ಟೆಯ ಕಡೆ ತಿರುಗಿದಳು.

"ನೀನು ಬೆಳಿಗ್ಗೆ ಹೇಳಿದ್ದು ಅಕ್ಷರಶಃ ನಿಜ ಕಣಮ್ಮಾ. ಸುಸ್ತಾದಾಗ ಮಾತು ಸ್ಪಷ್ಟ ಆಗುತ್ತೆ, ಆಗ ತಾನೇ ತರಬೇತುದಾರ ಅಂತಾನೆ, ಯಾರೂ ಎದುರು ಹೇಳ್ಬೇಡಿ ಅಂದಿದ್ಯಲ್ಲ!" ಎಂದು ಹೇಳಿ ಟ್ರೋಯೆಲ್ಸನ ಬೆನ್ನು ಸವರಿದಳು. "ಹೌದಪ್ಪಾ ಹೌದು, ನೀನೇ ತರಬೇತುದಾರ. ಇಳಿ ಈಗ, ಬೀಳ್ತೀಯ."

"ಶಾಲೆಗೆ ಫೋನ್ ಮಾಡಿ!" ಎಂದು ಟ್ರೋಯೆಲ್ಸ್ ಕಿರುಚಿದ. "ಗುಡ್ರುನ್‌ನ ಕೇಳಿ!"

ಫ್ಲೆಮ್ಮಿಂಗ್ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟ.

"ನಿಮ್ಮ ಟ್ರೋಯೆಲ್ಸ್ ತಾನೇ ತರಬೇತುದಾರ ಅಂತಿದಾನೆ. ಕೆಲಸ ಏನೂ ಬರಲ್ಲ, ಆದ್ರೆ ನಮ್ಮೋರಿಗೆಲ್ಲ ಅವನನ್ನ ಕಂಡ್ರೆ ಜೀವ. ನಾಳೆಯಿಂದಲೇ ಸೇರಿಸ್ಕೋತೀವಿ. ಜೊತೆಗೆ ದಿಟ್ಟೆನೂ ಬೇಕು, ಊಟದ ಕೋಣೆ ಅವಳಿಗೇ ಬಿಡ್ತೀವಿ. ಅವರಿಬ್ಬರೂ ಬಂದ್ರೆ ಮಾತ್ರ ನೋಡಿ."

ಆ ಕಡೆ ಗುಡ್ರುನ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ವರ್ಷವೆಲ್ಲ ಒಂದೂ ಕೆಲಸ ಸಿಗದ ಶಾಲೆಗೆ ಒಂದೇ ಏಟಿಗೆ ಎರಡು!

"ಹೌದು, ಪಾಪ," ಎಂದಳು ಗುಡ್ರುನ್. "ಎಲ್ಲಿ ಹೋದ್ರೂ ಹಾಗೇ ಅಂತಾನೆ. ದಯವಿಟ್ಟು ಇಬ್ಬರನ್ನೂ ಇಟ್ಕೊಳ್ಳಿ."

ವಾಪಸು ಬಸ್ಸಿಗೆ ಕಾಯುತ್ತ ಟ್ರೋಯೆಲ್ಸ್ ಕೇಳಿದ: "ಯಾಕೆ ದಿಟ್ಟೆ, ಯಾಕೆ ಹೀಗೆ ಮಾಡ್ದೆ?"

"ಬೇಕರೀಲಿ ನನ್ನ ಹೆಸರು ಕೇಳಿದ್ರು, ನೀನು ಹೇಳ್ದೆ. ಹೂವಿನಂಗಡೀಲಿ ನಂಗೆ ಯಾವ ಹೂವು ಇಷ್ಟ ಅಂದ್ರು, ನೀನು ಟುಲಿಪ್ ಅಂದೆ," ಎಂದಳು ದಿಟ್ಟೆ. "ನಂಗೆ ಟುಲಿಪ್ ಕಂಡ್ರಾಗಲ್ಲ. ಅದನ್ನ ನನ್ನ ಬಾಯಿಂದ ಯಾರೂ ಕೇಳ್ಲೇ ಇಲ್ಲ."

ಅಷ್ಟರಲ್ಲಿ ಬಸ್ಸು ಬಂತು. ಚಾಲಕ ಅವನ ಅಂಗಿಯ ಕಾಫಿ ಕಲೆಯನ್ನೂ ಬೆರಳಿನ ಪಟ್ಟಿಯನ್ನೂ ನೋಡಿ, "ಏನಣ್ಣಾ, ಹೇಗಿತ್ತು ಇವತ್ತು?" ಎಂದ.

ಟ್ರೋಯೆಲ್ಸ್ ಬಾಯಿ ತೆರೆದ.

"ತುಂಬಾ ಖುಷಿಯಾಗಿದೆ ಅವನಿಗೆ," ಎಂದಳು ದಿಟ್ಟೆ.