ಆರುನೂರು ಎಂ.ಎಂ. ತಿಮ್ಮವ್ವ

ಯಾವುದೇ ಚಿತ್ರವನ್ನು ನೋಡುವ ಮುನ್ನ ಅದನ್ನು ತೆಗೆದ ಕ್ಯಾಮೆರಾವನ್ನು ನೋಡತಕ್ಕದ್ದು. ಇದು ದಾವಣಗೆರೆ–ಹರಿಹರ ಹವ್ಯಾಸಿ ಛಾಯಾಗ್ರಾಹಕರ ಕ್ಷೇಮಾಭಿವೃದ್ಧಿ ಸಂಘದ ಮೊದಲನೇ ನಿಯಮ. ಚಿತ್ರವನ್ನೇ ಮೊದಲು ನೋಡಿದರೆ ಅದು ಚೆನ್ನಾಗಿದೆ ಅನ್ನಿಸಿಬಿಡುವ ಅಪಾಯವಿದೆ. ಆಮೇಲೆ ಕ್ಯಾಮೆರಾ ಕಮ್ಮಿ ದರ್ಜೆಯದು ಅಂತ ಗೊತ್ತಾದರೆ, ಹೊಗಳಿದ ಬಾಯನ್ನು ಎಲ್ಲಿಟ್ಟುಕೊಳ್ಳೋಣ ಹೇಳಿ. ಕಾರ್ಯದರ್ಶಿಯಾದ ನಾನು ಈ ನಿಯಮವನ್ನು ಮುರಿದವನಲ್ಲ, ಮುರಿಯಲು ಬಿಟ್ಟವನೂ ಅಲ್ಲ.

ಸಂಘದ ಸಭೆ ಭಾನುವಾರ ಬೆಳಿಗ್ಗೆ ದೇವರಾಜ ಅರಸು ಬಡಾವಣೆಯಲ್ಲಿ, ಅಧ್ಯಕ್ಷರಾದ ಬಕ್ಕೇಶಪ್ಪನವರ ಮನೆಯ ಮಹಡಿಯಲ್ಲಿ ನಡೆಯುತ್ತದೆ. ಅಧ್ಯಕ್ಷರು ಜವಳಿ ವ್ಯಾಪಾರದಲ್ಲಿದ್ದವರು. ಬಟ್ಟೆಯನ್ನು ಕೈಯಲ್ಲಿ ಹಿಡಿದು ಗುಣ ಹೇಳುವ ಅಭ್ಯಾಸವನ್ನು ಕ್ಯಾಮೆರಾಕ್ಕೂ ತಂದಿದ್ದಾರೆ. ಭಾರ ಇದ್ದರೆ ಕಲೆ ಇದೆ ಎಂದೇ ಅರ್ಥ. ಸಂಘದ ತಾಂತ್ರಿಕ ಸಲಹೆಗಾರರು ಅವರ ಅಳಿಯ ವೀರೇಶ್, ಕ್ಯಾಮೆರಾ ಅಂಗಡಿ ಇಟ್ಟವರು. ಯಾವ ಕ್ಯಾಮೆರಾ ಕೊಳ್ಳಬೇಕು ಅನ್ನೋದು ಕ್ಯಾಮೆರಾ ಮಾರುವವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತದೆ? ಇದು ಸರಿಯಲ್ಲ ಅಂದವರು ಒಬ್ಬಿಬ್ಬರಿದ್ದರು. ಅವರು ಈಗ ಸದಸ್ಯರಲ್ಲ.

ಇಂಥ ಸಭೆಗೆ ಒಂದು ಭಾನುವಾರ ನಿಟ್ಟುವಳ್ಳಿಯಲ್ಲಿ ಬ್ಲೌಸು ಹೊಲಿಯುವ ಸುಧಾ ಬಂದಳು. ಕೈಯಲ್ಲಿ ಫೋನು.

"ನಮ್ಮಜ್ಜಿ ಫೋಟೋ ಸರ್. ನೀವು ಹರಿಹರದಾಗೆ ಪ್ರದರ್ಶನ ಮಾಡ್ತೀರಂತಲ್ಲ, ಅಲ್ಲಿ ಗ್ವಾಡಿಗೆ ಹಾಕ್ಬೋದಾ ಅಂತ ಕೇಳಾಕೆ ಬಂದೆ."

ವಿಷಯ ಇಷ್ಟೇ. ನಮ್ಮ ಕಡೆ ಹಿರಿಯರ ಫೋಟೋ ಗೋಡೆ ಹತ್ತುವುದು ಅವರು ತೀರಿಕೊಂಡ ಮೇಲೆ, ಹಾರದ ಸಮೇತ. ಸುಧಾಳ ಅಜ್ಜಿ ತಿಮ್ಮವ್ವನಿಗೆ ಈ ಪದ್ಧತಿ ಒಪ್ಪಿಗೆಯಾಗಿರಲಿಲ್ಲ. "ಸತ್ತ ಮ್ಯಾಲೆ ಹಾಕಿದ್ರೆ ನಾನೇನು ಎದ್ದು ಬಂದು ನೋಡ್ತೀನಾ? ಕಣ್ಣು ಮಬ್ಬಾಗ್ತಾ ಐತೆ. ಪೂರಾ ಹೋಗೋದ್ರೊಳಗೆ ನನ್ನ ಮಾರಿ ಗ್ವಾಡಿ ಮ್ಯಾಲೆ ನೋಡಬೇಕು" ಅಂದಿದ್ದಳಂತೆ. ಮನೆ ಗೋಡೆಗೆ ಹಾಕೋಣ ಅಂದರೆ ನೆಂಟರಿಷ್ಟರು ಅಪಶಕುನ ಅಂತಾರೆ. ಅದಕ್ಕೆ ಪ್ರದರ್ಶನದ ಗೋಡೆ.

"ಮೆಣಸಿನಕಾಯಿ ಬಜ್ಜಿ ಕಚ್ಚಿ ಖಾರ ನೆತ್ತಿಗೇರಿತ್ತು ಸರ್. ಅಳೂ ಬ್ಯಾಡ, ನಗೂ ಬ್ಯಾಡ ಅಂತ ಒದ್ದಾಡಿ ಕಡೀಗೆ ನಕ್ಕೇಬಿಟ್ಲು. ಆಗ ತೆಗೆದಿದ್ದು" ಎಂದು ಸುಧಾ ಫೋನು ಚಾಚಿದಳು. ನಾವೆಲ್ಲ ನಿಯಮದ ಪ್ರಕಾರ ಚಿತ್ರ ಕಣ್ಣಿಗೆ ಬೀಳದಂತೆ ತಲೆ ತಗ್ಗಿಸಿದೆವು.

"ಕ್ಯಾಮೆರಾ ಯಾವುದಮ್ಮ?" ಎಂದರು ಅಧ್ಯಕ್ಷರು.

"ಫೋನಿಂದೇ ಸರ್."

ಯಾರೋ ಕೆಮ್ಮಿದರು. ಅಧ್ಯಕ್ಷರು ಫೋನನ್ನು ಅಂಗೈಯಲ್ಲಿಟ್ಟು ತೂಗಿ, ಅದರ ಮುಖ ಕೆಳಗೆ ಮಾಡಿ ವಾಪಸು ಕೊಟ್ಟರು. "ಹಗುರ ಐತಲ್ಲಮ್ಮ."

"ಒಂದ್ಸಲ ನೋಡ್ರಿ ಸರ್."

"ನೋಡಾಕೆ ನಮಗೂ ಆಸೆ ಐತೆ. ನಿಯಮ ಬಿಡಬೇಕಲ್ಲ."

ಸಂಘದ ವತಿಯಿಂದ ಅವಳಿಗೆ ಲಿಖಿತ ಅಭಿಪ್ರಾಯ ಕೊಟ್ಟೆ: "ಚಿತ್ರವನ್ನು ಪರಿಶೀಲಿಸಲಾಗಿಲ್ಲ. ಆದಾಗ್ಯೂ ಸುಧಾರಣೆಗೆ ಸಾಕಷ್ಟು ಅವಕಾಶವಿರುತ್ತದೆ."

ಸುಧಾ ಹಟದ ಹೆಣ್ಣು. ಸಂಘದ ಸದಸ್ಯಳಾಗಿ, ವೀರೇಶರ ಅಂಗಡಿಯಲ್ಲಿ ಕಂತಿನ ಮೇಲೆ ಕ್ಯಾಮೆರಾ ತಂದಳು. ಅಧ್ಯಕ್ಷರು ತೂಗಿ, "ಪರವಾಗಿಲ್ಲ, ಆದ್ರೆ ಈ ಲೆನ್ಸು ಡಬ್ಬಿ ಜೊತೆ ಬಂದಿದ್ದು. ಅಂಥಾದ್ದನ್ನ ಡಬ್ಬಿಯಾಗೇ ಇಡಬೇಕು" ಎಂದರು. ಬೇರೆ ಲೆನ್ಸು ಬಂತು. ಅದಕ್ಕೊಂದು ಟ್ರೈಪಾಡು ಬೇಕಾಯಿತು. ಟ್ರೈಪಾಡಿನ ಮೂರು ಕಾಲಿಗೆ ಒಳಗೆ ಜಾಗ ಸಾಲದೆ ಹೊಲಿಗೆ ಮೆಷಿನ್ನು ಜಗಲಿಗೆ ಬಂತು. ಪ್ರತಿ ಸಲವೂ ತಿಮ್ಮವ್ವ ಸೀರೆ ಬದಲಿಸಿ ಕೂತಳು.

ಅಷ್ಟರಲ್ಲಿ ಸಂಘ ಹೊಸ ನಿಯಮ ತಂದಿತು. ಫೋನಿನಲ್ಲಿ ಕ್ಯಾಮೆರಾ ಇಟ್ಟುಕೊಂಡ ಸದಸ್ಯರ ನಿಷ್ಠೆ ಸಂಶಯಾಸ್ಪದವೆಂದು ಭಾವಿಸತಕ್ಕದ್ದು. ಹಳೆಯ ಸದಸ್ಯರ ನಿಷ್ಠೆ ಈಗಾಗಲೇ ಸಾಬೀತಾಗಿರುವುದರಿಂದ ನಮಗೆಲ್ಲ ವಿನಾಯಿತಿ ಇತ್ತು. ಸುಧಾ ಫೋನನ್ನು ವೀರೇಶರ ಅಂಗಡಿಗೇ ಕೊಟ್ಟು, ಬದಲಿಗೆ ಕ್ಯಾಮೆರಾ ಚೀಲ ತಂದಳು. ಅಂಗಡಿಯವರು ಫೋನನ್ನು ಪೂರ್ತಿ ಶುಚಿ ಮಾಡಿ ಬೇರೆಯವರಿಗೆ ಮಾರಿದರು. ಶುಚಿ ಮಾಡುವುದೆಂದರೆ ಒಳಗಿನ ಚಿತ್ರಗಳೂ ಹೋಗುತ್ತವೆ. ಇದರಲ್ಲಿ ಅಂಗಡಿಯ ತಪ್ಪೇನೂ ಇಲ್ಲ.

"ಅದ್ರಾಗೆ ಅಜ್ಜಿ ನಗ್ತಿದ್ಲು ಸರ್" ಎಂದಳು ಸುಧಾ.

"ಅಜ್ಜಿ ಮನೇಲೇ ಇದಾರಲ್ಲಮ್ಮ, ಮತ್ತೆ ತೆಗಿ" ಎಂದು ಸಮಾಧಾನ ಹೇಳಿದೆ. ಅವಳು ಚೀಲದ ಜಿಪ್ಪನ್ನು ಎಳೆದಳು, ಮುಚ್ಚಿದಳು, ಎದ್ದು ಹೋದಳು.

ಇನ್ನು ಕೊಳ್ಳಲು ಉಳಿದದ್ದು ಆರುನೂರು ಎಂ.ಎಂ. ಲೆನ್ಸು. ಕೊಂಡಜ್ಜಿ ಕೆರೆಯ ಹಕ್ಕಿಗಳಿಗೆಂದು ನಾವೆಲ್ಲ ಕೊಂಡದ್ದು ಅದನ್ನೇ. ಹಕ್ಕಿಗೆ ಆಗುವ ಲೆನ್ಸು ಅಜ್ಜಿಗೆ ಯಾಕೆ ಆಗಬಾರದು? ಅದೂ ಕಂತಿನ ಮೇಲೆ ಬಂತು. ಆದರೆ ಅದು ದೂರದ್ದನ್ನು ಹತ್ತಿರ ತರುವ ಲೆನ್ಸು. ಹತ್ತಿರ ಇದ್ದದ್ದು ಅದರ ಲೆಕ್ಕಕ್ಕಿಲ್ಲ. ಮನೆಯೊಳಗಿಂದ ನೋಡಿದರೆ ತಿಮ್ಮವ್ವ ಬರೀ ಮಂಜು. "ಅಜ್ಜೀನ ಹಿಂದೆ ಸರಿಸು" ಎಂದು ವೀರೇಶ್ ಸಲಹೆ ಕೊಟ್ಟರು. ಸರಿಸುತ್ತ ಸರಿಸುತ್ತ ತಿಮ್ಮವ್ವ ಬೀದಿ ದಾಟಿ, ಎದುರು ಮನೆಯ ನಸೀಮಾಳ ಕಟ್ಟೆಯ ಮೇಲೆ ಕೂತಳು. ನಡುವೆ ನಿಟ್ಟುವಳ್ಳಿಯ ಸಕಲ ಸ್ಕೂಟರುಗಳೂ ಆಟೋಗಳೂ.

"ನಗಜ್ಜೀ" ಎಂದು ಸುಧಾ ಈ ಕಡೆಯಿಂದ ಕೂಗಿದಳು. ಗದ್ದಲದಲ್ಲಿ ಕೇಳಿಸಲಿಲ್ಲ.

"ನಗಬೇಕಂತೆ ಅಜ್ಜಿ" ಎಂದು ನಸೀಮಾ ಮುಟ್ಟಿಸಿದಳು.

"ಯಾಕ?" ಎಂದಳು ತಿಮ್ಮವ್ವ.

ಆ ಕ್ಷಣಕ್ಕೆ ಸರಿಯಾಗಿ ಒಂದು ಆಟೋ ನಡುವೆ ಹಾದುಹೋಯಿತು. ಸುಧಾ ಬಟನ್ ಒತ್ತಿಯಾಗಿತ್ತು.

ಅಧ್ಯಕ್ಷರು ಆ ಲೆನ್ಸನ್ನು ಎರಡೂ ಕೈಯಲ್ಲಿ ಎತ್ತಿದರು. ಏದುಸಿರು ಬಂತು. "ಈಗ ಚಿತ್ರ ತೋರ್ಸಮ್ಮ" ಎಂದರು. ಆಟೋದ ಮುಂದೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ಎಷ್ಟು ಸ್ಪಷ್ಟವಾಗಿ ಬಂದಿತ್ತೆಂದರೆ ಮೆಣಸಿನಕಾಯಿಯ ತೊಟ್ಟು ಮುರಿದದ್ದೂ ಕಾಣುತ್ತಿತ್ತು. ಅದರ ಹಿಂದಿನದೆಲ್ಲ ಬೆಣ್ಣೆಯ ಹಾಗೆ ಕರಗಿಹೋಗಿತ್ತು. ದಾವಣಗೆರೆಯವರಾದ ನಮಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಗೊತ್ತಿಲ್ಲ. ಮೊದಲ ಬಹುಮಾನ ಸರ್ವಾನುಮತದಿಂದ ತೀರ್ಮಾನವಾಯಿತು.

ಹರಿಹರದ ಪ್ರದರ್ಶನಕ್ಕೆ ತಿಮ್ಮವ್ವ ಹೊಸ ಸೀರೆ ಉಟ್ಟು, ಮೊಮ್ಮಗಳ ಕೈ ಹಿಡಿದು ಬಂದಳು. ಚಿತ್ರದ ಕೆಳಗಿನ ಫಲಕದಲ್ಲಿ ಕ್ಯಾಮೆರಾ, ಲೆನ್ಸು ಮತ್ತು ವೀರೇಶರ ಅಂಗಡಿಯ ಹೆಸರಿತ್ತು. ಅಜ್ಜಿಯ ಹೆಸರಿಗೆ ಜಾಗ ಉಳಿದಿರಲಿಲ್ಲ. ತಿಮ್ಮವ್ವ ಹತ್ತಿರ ಹೋಗಿ ನೋಡಿದಳು, ದೂರ ನಿಂತು ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡು ನೋಡಿದಳು.

"ಸುಧಾ, ನನ್ನ ಕಣ್ಣು ಪೂರಾ ಹೋದ್ವೇನೇ?"

ಅಧ್ಯಕ್ಷರೇ ಮುಂದೆ ಬಂದರು. "ಕಣ್ಣು ಸರಿ ಅದಾವ್ರಿ ಅಮ್ಮ. ಇದಕ್ಕೆ ಹಿನ್ನೆಲೆ ಮಸುಕು ಅಂತಾರೆ. ಬಾಳ ಕಷ್ಟದ ಕೆಲಸ."

"ನಾನೆಲ್ಲಿದೀನಪ್ಪ?"

"ಹಿನ್ನೆಲೆಯಾಗೇ ಇದೀರಿ."

ತಿಮ್ಮವ್ವ ಸೆರಗು ಸರಿಮಾಡಿಕೊಂಡು, "ಓದಿದೋರು ಅಂತೀರಿ ಅಂದ್ಮ್ಯಾಲೆ ಇದ್ದೇ ಇರ್ತೀನಿ ಬಿಡ್ರಿ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಆ ಚಿತ್ರ ಈಗ ನಿಟ್ಟುವಳ್ಳಿಯ ಮನೆಯಲ್ಲಿ, ಬಾಗಿಲಿಗೆ ಎದುರಾದ ಗೋಡೆಯ ಮೇಲಿದೆ. ಇರುವುದು ಯಾರು ಅಂತ ಯಾರಿಗೂ ತಿಳಿಯದ್ದರಿಂದ ನೆಂಟರು ಅಪಶಕುನದ ಮಾತೆತ್ತಲಿಲ್ಲ. ಜಗಲಿಯಲ್ಲಿ ಸುಧಾ ಕಂತಿಗಾಗಿ ಹೊಲಿಯುತ್ತಿರುತ್ತಾಳೆ. ಮೊನ್ನೆ ಸದಸ್ಯತ್ವ ನವೀಕರಣಕ್ಕೆಂದು ಹೋಗಿದ್ದೆ. ಬ್ಲೌಸಿಗೆ ಬಂದವರೊಬ್ಬರು ಗೋಡೆ ನೋಡಿ, "ಚೆನ್ನಾಗಿದೆ, ಯಾವುದರಲ್ಲಿ ತೆಗೆದಿದ್ದು?" ಎಂದು ಕೇಳಿದರು.

ಚಿತ್ರದ ಕೆಳಗೇ ಕೂತಿದ್ದ ತಿಮ್ಮವ್ವ ತಲೆ ಎತ್ತಿದಳು.

"ಆರ್ನೂರು ಎಮ್ಮೆಮ್ಮು. ಕೂಡ್ರಿ" ಎಂದಳು.