ನಾನು ಕಪ್ಪುಕುಳಿಯಾದದ್ದು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳಲು ಮಗಳ ಎದುರಿನಲ್ಲಿ ಆಗುವಷ್ಟು ಕಷ್ಟ ನನಗೆ ಬೇರೆಲ್ಲೂ ಆಗುವುದಿಲ್ಲ. ಒಂಬತ್ತನೇ ತರಗತಿಯ ಶ್ರಾವ್ಯ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಕಪ್ಪುಕುಳಿಯನ್ನು, ಅಂದರೆ ಬ್ಲ್ಯಾಕ್ ಹೋಲನ್ನು, ಆರಿಸಿಕೊಂಡು ಬಂದಾಗ, ಅದೆಂಥ ದೊಡ್ಡ ವಿಷಯ ಎಂದುಬಿಟ್ಟೆ. ಅಪ್ಪನಿಗೆ ಎಲ್ಲ ಗೊತ್ತು ಎಂದು ನಂಬುವವಳು ನಮ್ಮ ಮನೆಯಲ್ಲಿ ಉಳಿದಿರುವುದು ಅವಳೊಬ್ಬಳೇ. ಆ ನಂಬಿಕೆ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಅವಳು ವಿವರಿಸಿದಳು. ಭಾರೀ ನಕ್ಷತ್ರವೊಂದರ ಉರುವಲು ಮುಗಿದರೆ ಅದರ ನಡುಭಾಗ ತನ್ನ ಭಾರಕ್ಕೆ ತಾನೇ ಕುಸಿಯುತ್ತದಂತೆ, ಕೊನೆಗೆ ಬೆಳಕೂ ತಪ್ಪಿಸಿಕೊಳ್ಳಲಾಗದ ಕಪ್ಪುಕುಳಿಯಾಗುತ್ತದಂತೆ. ಹಾಗಾದರೆ ಸುತ್ತಲಿನದ್ದನ್ನೆಲ್ಲ ನುಂಗುತ್ತದೆ ಎಂದೆ. ಇಲ್ಲವಂತೆ, ದೂರದಲ್ಲಿರುವುದು ತನ್ನ ಪಾಡಿಗೆ ಸುತ್ತುತ್ತಲೇ ಇರುತ್ತದಂತೆ. ಹೆಸರು ಕುಳಿ, ಆದರೆ ಹೊಂಡವಲ್ಲ. ತಾನು ಕಪ್ಪು, ಆದರೆ ಒಳಗೆ ಬೀಳಲು ಹೊರಟ ಅನಿಲ ಕಾದು ಹೊಳೆಯುತ್ತದೆ. ನನ್ನ ತಲೆ ಗಿರ್ರೆಂದಿತು; ಆದರೂ ಅರ್ಥವಾದವನಂತೆ ಅದನ್ನು ಆಡಿಸಿದೆ.

ಅವಳು ತೋರಿಸಿದ ವಿಡಿಯೊದಲ್ಲಿ ಯಾರೋ ಎಳೆದು ಕಟ್ಟಿದ ರಬ್ಬರ್ ಹಾಳೆಯ ನಡುವೆ ಗುಂಡು ಇಟ್ಟು ಸುತ್ತ ಗೋಲಿ ಓಡಿಸುತ್ತಿದ್ದರು. ಅಂಥ ಹಾಳೆ ಪುತ್ತೂರಿನಿಂದ ತರೋಣ ಎಂದಳು. ರಬ್ಬರ್ ತೋಟ ಇಟ್ಟುಕೊಂಡವನು ರಬ್ಬರಿಗಾಗಿ ಅಂಗಡಿಗೆ ಹೋಗುವುದೇ? ತೋಟದ ರಬ್ಬರ್ ಹಾಲಿನಿಂದ ಮಾಡಿ, ಹೊಗೆ ಕೊಟ್ಟು ಒಣಗಿಸಿದ ಶೀಟುಗಳಲ್ಲಿ ಒಳ್ಳೆಯದೊಂದನ್ನು ಆರಿಸಿ ಪ್ರದರ್ಶನದ ದಿನ ನಾನೇ ಹೊತ್ತುಕೊಂಡು ಹೋದೆ. ನಾಲ್ಕು ಮೂಲೆ ಕಟ್ಟಿ ಕಲ್ಲು ಇಟ್ಟರೆ ಆ ದಪ್ಪ ಶೀಟು ಜಗ್ಗಲೇ ಇಲ್ಲ. ಗೋಲಿ ಅದರ ಮೇಲಿನ ಅಚ್ಚಿನ ಗೆರೆಗಳಲ್ಲಿ ಸಿಕ್ಕಿ ಕುಳಿತಿತು. ಟೀಚರು ವಾಸನೆಗೆ ಮೂಗು ಮುಚ್ಚಿಕೊಂಡರು. ಮಗಳ ಕಣ್ಣಲ್ಲಿ ನೀರು ಕಂಡು ನನಗೆ ಬಹಳ ಸಂಕಟವಾಯಿತು. ಗಾಬರಿಯಲ್ಲಿ ಟೀಚರಿಗೆ ಶೀಟಿನ ಗ್ರೇಡುಗಳನ್ನು ವಿವರಿಸತೊಡಗಿದೆ.

ಅಷ್ಟರಲ್ಲಿ ಶ್ರಾವ್ಯ ಮೇಜಿನ ಕಪ್ಪು ಬಟ್ಟೆಯನ್ನು ಎಳೆದು ನನಗೆ ಹೊದಿಸಿದಳು. "ಅಪ್ಪ, ನೀವು ನಡುವೆ ನಿಲ್ಲಿ. ಎಂತದೂ ಮಾತಾಡ್ಬೇಡಿ. ಬ್ಲ್ಯಾಕ್ ಹೋಲಿನ ಒಳಗಿಂದ ಎಂತದೂ ಹೊರಗೆ ಬರ್ಲಿಕ್ಕಿಲ್ಲ."

ನಿಂತೆ. ಅವಳ ಗೆಳತಿಯರು ನನ್ನ ಸುತ್ತ ಓಡಿದರು, ಹತ್ತಿರದವಳು ಜೋರಾಗಿ, ದೂರದವಳು ನಿಧಾನವಾಗಿ. ಒಳಗಿನದ್ದು ಕಾಣದಿದ್ದರೂ ಸುತ್ತುವವರ ಓಟ ನೋಡಿ, ಅಲ್ಲೇನೋ ಇದೆ, ಅದರ ಭಾರ ಇಷ್ಟು ಎಂದು ಹೇಳಬಹುದು ಎಂದು ಅವಳು ವಿವರಿಸುವುದು ಬಟ್ಟೆಯೊಳಗೆ ಕೇಳಿಸಿತು. ಭಾರದ ಮಾತಿಗೆ, ನನ್ನ ಡೊಳ್ಳುಹೊಟ್ಟೆ ನೋಡಿಯೇ ಇರಬೇಕು, ಎಲ್ಲರೂ ನಕ್ಕರು. ಮೊದಲ ಬಹುಮಾನವೂ ಬಂತು.

ಹಿಂದಿರುಗುವಾಗ ಸ್ಕೂಟರಿನಲ್ಲಿ, ಟೀಚರು ಏನಾದರೂ ಪ್ರಶ್ನೆ ಕೇಳಿದ್ದರೆ ನಾನೇ ಉತ್ತರಿಸುತ್ತಿದ್ದೆ ಎಂದೆ.

"ನಿಮ್ಗೆ ಅದು ಅರ್ಥ ಆಗ್ಲಿಲ್ಲ ಅಂತ ನಂಗೆ ಮೊದ್ಲೇ ಗೊತ್ತುಂಟು ಅಪ್ಪ," ಎಂದಳು ಹಿಂದಿನಿಂದ. "ಅದಕ್ಕೇ ಮಾತಾಡ್ಬೇಡಿ ಅಂದದ್ದು."

ಒಳಗಿನದ್ದು ಹೊರಗೆ ಕಾಣದಂತೆ ಇಷ್ಟು ವರ್ಷ ಜಾಗ್ರತೆ ಮಾಡಿದ್ದೆ. ಹತ್ತಿರದಲ್ಲೇ ಸುತ್ತುತ್ತಿದ್ದವಳು ಯಾವಾಗಲೋ ಕಂಡುಹಿಡಿದುಬಿಟ್ಟಿದ್ದಳು.